ಹನ್ನೆರಡು ಜಿಬಿಯ ತೊಟ್ಟಿಲು

ಕಳೆದ ಫೆಬ್ರವರಿಯಲ್ಲಿ ಶಿವಮೊಗ್ಗದ ರವೀಂದ್ರನಗರದ ಕೊಟ್ರಬಸಪ್ಪನವರ ಮನೆಯಲ್ಲಿ ಎಂಟು ಜಿಬಿ ಹೆಚ್ಚಾಯಿತು. ಓದುಗರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದೆಂದು ವಿನಂತಿ. ಮನೆಯಲ್ಲಿ ಅಕ್ಕಿ ಎಂಟು ಸೇರು ಹೆಚ್ಚಾದರೆ ಡಬ್ಬ ಬದಲಿಸಬಹುದು. ನೆಂಟರು ಎಂಟು ಮಂದಿ ಹೆಚ್ಚಾದರೆ ಸಾರಿಗೆ ನೀರು ಬೆರೆಸಬಹುದು. ಜಿಬಿ ಹೆಚ್ಚಾದರೆ ಏನು ಮಾಡಬೇಕೆಂದು ಮಾತ್ರ ನಮ್ಮ ಹಿರಿಯರು ಹೇಳಿಟ್ಟು ಹೋಗಿಲ್ಲ. ಹಾಗಾಗಿ ಒಂದು ಮರ್ಯಾದಸ್ಥ ಕುಟುಂಬದ ಬಂಧುಬಳಗ, ಮಾನ, ಮಗಳ ನಿಶ್ಚಿತಾರ್ಥ ಇಷ್ಟೂ ಮೂರು ವಾರ ಆ ಎಂಟು ಜಿಬಿಯ ಮೇಲೆ ತೂಗಾಡಿದವು.

ಕೊಟ್ರಬಸಪ್ಪನವರ ಒಬ್ಬಳೇ ಮಗಳು ಅಮೂಲ್ಯಳ ನಿಶ್ಚಿತಾರ್ಥ ಮಾರ್ಚಿನ ಎರಡನೆಯ ಭಾನುವಾರಕ್ಕೆ ಗೊತ್ತಾಗಿತ್ತು. ಆ ದಿನ ಕಲ್ಯಾಣಮಂದಿರದ ದೊಡ್ಡ ಪರದೆಯ ಮೇಲೆ, ಬೀಗರಾಗುವವರ ಎದುರು, ಅಮೂಲ್ಯಳನ್ನು ತೊಟ್ಟಿಲಿಗೆ ಹಾಕಿ ಹೆಸರಿಟ್ಟ ಶಾಸ್ತ್ರದ ವಿಡಿಯೋ ತೋರಿಸುವುದಾಗಿ ಅವರು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಿದ್ದರು. 1996ರಲ್ಲಿ ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿ ನಡೆದ ಶಾಸ್ತ್ರ ಅದು. ಕಾರ್ಖಾನೆಯ ಸಹೋದ್ಯೋಗಿ ಪುಟ್ಟಯ್ಯ ಕ್ಲಬ್ಬಿನ ಕ್ಯಾಮೆರಾ ತಂದು ತೆಗೆದಿದ್ದ. ಮೂರು ಗಂಟೆಯ ಕ್ಯಾಸೆಟ್ಟು ಮೂರು ಗಂಟೆಯೂ ತುಂಬಿತ್ತು. ಏಕೆಂದರೆ ಪುಟ್ಟಯ್ಯನಿಗೆ ಆಗ ಕ್ಯಾಮೆರಾ ಚಾಲೂ ಮಾಡುವುದಷ್ಟೇ ಗೊತ್ತಿತ್ತು, ನಿಲ್ಲಿಸುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಕ್ಯಾಸೆಟ್ಟನ್ನು ನೆಹರೂ ರಸ್ತೆಯ ಅಂಗಡಿಯೊಂದರಲ್ಲಿ ಕಂಪ್ಯೂಟರಿಗೆ ಇಳಿಸಿದಾಗ ಅದು ಹನ್ನೆರಡು ಜಿಬಿ ತೂಗಿತು. ಕಲ್ಯಾಣಮಂದಿರದ ಪರದೆಯ ಉಸ್ತುವಾರಿ ಜಟ್ಟಪ್ಪನದು. ಅವನ ಬಳಿಗೆ ಪೆನ್ ಡ್ರೈವ್ ಒಯ್ದರೆ ಅವನು ಅದನ್ನು ನೋಡುವ ಮೊದಲೇ ತಲೆಯಾಡಿಸಿದ.

"ನಮ್ ವಿಡಿಯೋ ಓಡ್ಸೋ ಡಬ್ಬ ಹಳೇದು ಸಾರ್. ಒಂದು ಫೈಲು ಅಂದ್ರೆ ನಾಲ್ಕು ಜಿಬಿ. ಅದರ ಮೇಲೆ ಒಂದು ಗುಲಗಂಜಿ ಜಾಸ್ತಿ ಆದ್ರೂ ಉಗೀತದೆ."

ಪೆನ್ ಡ್ರೈವ್ ಮೂವತ್ತೆರಡು ಜಿಬಿಯದು, ಅದರಲ್ಲಿ ಇಪ್ಪತ್ತು ಖಾಲಿ ಬಿದ್ದಿದೆ ಎಂದು ಕೊಟ್ರಬಸಪ್ಪನವರು ವಾದಿಸಿದರು. ಮನೆ ಎಷ್ಟು ದೊಡ್ಡದಾದರೇನು ಸಾರ್, ಬಾಗಿಲು ಸಣ್ಣದು ಎಂದ ಜಟ್ಟಪ್ಪ. ಮೂರು ತುಂಡು ಮಾಡಿ ಕೊಟ್ಟರೆ ಆಗದೇ ಎಂದು ಕೇಳಿದ್ದಕ್ಕೆ, ಆಗುತ್ತದೆ, ಆದರೆ ಡಬ್ಬ ತನಗೆ ತೋಚಿದ ತುಂಡನ್ನು ಮೊದಲು ಓಡಿಸುತ್ತದೆ, ಹೋದ ತಿಂಗಳು ಒಂದು ಮದುವೆಯಲ್ಲಿ ತಾಳಿ ಕಟ್ಟಿ ಎಷ್ಟೋ ಹೊತ್ತಾದ ಮೇಲೆ ಹೆಣ್ಣು ನೋಡುವ ಶಾಸ್ತ್ರ ಬಂತು ಎಂದು ವಿವರಿಸಿದ.

ಅಮೂಲ್ಯ ತೀರ್ಥಹಳ್ಳಿಯಲ್ಲಿ ಸರ್ಕಾರಿ ಪಶುವೈದ್ಯೆ. ದನಗಳ ಕಾಲುಬಾಯಿ ಲಸಿಕೆಯ ಗಡಿಬಿಡಿಯಲ್ಲಿದ್ದ ಅವಳು ಫೋನಿನಲ್ಲೇ, ಅಪ್ಪ, ಅದಕ್ಕೊಂದು ತಂತ್ರಾಂಶ ಇದೆ, ನಾನು ಬಂದಾಗ ಸಣ್ಣದು ಮಾಡಿಕೊಡ್ತೀನಿ ಎಂದಳು. ಕೊಟ್ರಬಸಪ್ಪನವರಿಗೆ ಆ ಮಾತು ಹಿಡಿಸಲಿಲ್ಲ. ಮೂವತ್ತೊಂದು ವರ್ಷ ಕಾಗದದ ಕಾರ್ಖಾನೆಯ ಫಿನಿಶಿಂಗ್ ಹೌಸಿನಲ್ಲಿ, ಅಂದರೆ ಯಂತ್ರದಿಂದ ಬಂದ ಉದ್ದುದ್ದ ಸುರುಳಿಗಳನ್ನು ಅಳೆದು ಕತ್ತರಿಸಿ ಹಾಳೆ ಮಾಡುವ ವಿಭಾಗದಲ್ಲಿ, ಮೇಲ್ವಿಚಾರಕರಾಗಿ ನಿವೃತ್ತರಾದವರು ಅವರು.

"ದೊಡ್ಡದನ್ನ ಸಣ್ಣದು ಮಾಡೋದನ್ನ ನನಗೆ ದನದ ಡಾಕ್ಟ್ರು ಹೇಳಿಕೊಡೋದು ಬೇಡ" ಎಂದು ಹೇಳಿ ಫೋನಿಟ್ಟರು.

ಫಿನಿಶಿಂಗ್ ಹೌಸಿನಲ್ಲಿ ಸಣ್ಣದು ಮಾಡುವುದೆಂದರೆ ಕತ್ತರಿಸುವುದು. ಅದಕ್ಕೆ ಎರಡನೆಯ ಅರ್ಥವೇ ಇಲ್ಲ. ಹನ್ನೆರಡನ್ನು ನಾಲ್ಕು ಮಾಡಬೇಕಾದರೆ ಮೂರು ಗಂಟೆಯನ್ನು ಒಂದು ಗಂಟೆ ಮಾಡಬೇಕು. ಲೆಕ್ಕ ಇಷ್ಟು ಸರಳವಾಗಿರುವುದನ್ನು ಕಂಡು ಅವರಿಗೆ ಮಗಳ ಓದಿನ ಬಗ್ಗೆ ಸ್ವಲ್ಪ ಕನಿಕರವೂ ಆಯಿತು. ರೂಲು ಹೊಡೆದ ಪುಸ್ತಕ, ಕೈಗಡಿಯಾರ ಹಿಡಿದು ಎರಡು ದಿನ ವಿಡಿಯೋ ನೋಡಿ ಯಾರು ಎಷ್ಟು ನಿಮಿಷ ಆಕ್ರಮಿಸಿದ್ದಾರೆ ಎಂದು ಗುರುತು ಹಾಕಿಕೊಂಡರು. ಹೆಂಡತಿ ದಾಕ್ಷಾಯಣಿಯವರ ಅಣ್ಣ, ಅಡಿಕೆ ಮಂಡಿಯ ಶಿವಯೋಗಿ, ಪಂಕ್ತಿಯಲ್ಲಿ ಕೂತು ಹೋಳಿಗೆ ತಿನ್ನುವುದು ಒಂಬತ್ತು ನಿಮಿಷ ನಲವತ್ತು ಸೆಕೆಂಡು. ಪುಟ್ಟಯ್ಯ ಕ್ಯಾಮೆರಾವನ್ನು ಕುರ್ಚಿಯ ಮೇಲಿಟ್ಟು ಊಟಕ್ಕೆ ಹೋದಾಗ ಸೀಲಿಂಗ್ ಫ್ಯಾನು ಇಪ್ಪತ್ತಾರು ನಿಮಿಷ. ಕೊಟ್ರಬಸಪ್ಪನವರ ತಂಗಿ ಶ್ರೀಗೌರಿ ಮಗುವಿನ ಕಿವಿಯಲ್ಲಿ ಹೆಸರು ಹೇಳುವುದು ಹದಿನಾಲ್ಕು ನಿಮಿಷ. ಒಟ್ಟು ಹತ್ತೊಂಬತ್ತು ಮಂದಿ ಕಡತಕ್ಕೆ ಬಂದರು.

ಬೇರೆ ಯಾರಾದರೂ ಆಗಿದ್ದರೆ ಇಲ್ಲಿ ಸದ್ದಿಲ್ಲದೆ ಕತ್ತರಿ ಹಾಕುತ್ತಿದ್ದರು, ಕಥೆಯೂ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಫಿನಿಶಿಂಗ್ ಹೌಸಿನಲ್ಲಿ ಒಂದು ಶಿಸ್ತಿದೆ. ಸುರುಳಿಗೆ ಬ್ಲೇಡು ಮುಟ್ಟಿಸುವ ಮೊದಲು ಸಂಬಂಧಪಟ್ಟ ಎಲ್ಲ ವಿಭಾಗಗಳಿಗೂ ಕಟಿಂಗ್ ಸ್ಲಿಪ್ ಹೋಗಬೇಕು, ಸಹಿಯಾಗಿ ವಾಪಸ್ ಬರಬೇಕು. ಕೊಟ್ರಬಸಪ್ಪನವರು ಕಾರ್ಬನ್ ಹಾಳೆ ಇಟ್ಟು ಹತ್ತೊಂಬತ್ತು ಸ್ಲಿಪ್ ಬರೆದರು. ಒಂದೊಂದರಲ್ಲೂ ನೆಂಟರ ಹೆಸರು, ಹಾಲಿ ಇರುವ ನಿಮಿಷ, ಉಳಿಸಲು ಉದ್ದೇಶಿಸಿರುವ ಸೆಕೆಂಡು. ಕೆಳಗೆ ಕೆಂಪು ಶಾಯಿಯಲ್ಲಿ, ಆಕ್ಷೇಪಣೆಗಳಿದ್ದಲ್ಲಿ ಏಳು ದಿನದೊಳಗೆ ಲಿಖಿತವಾಗಿ ಸಲ್ಲಿಸತಕ್ಕದ್ದು. ಊರಿನವರಿಗೆ ಸ್ಕೂಟರಿನಲ್ಲಿ ಹೋಗಿ ಕೊಟ್ಟು ಸಹಿ ಕೇಳಿದರು, ಹೊರಗಿನವರಿಗೆ ಅಂಚೆಯಲ್ಲಿ ಕಳಿಸಿದರು. ಕೆಲವರು ಅದನ್ನು ನಿಶ್ಚಿತಾರ್ಥದ ಕರೆಯೋಲೆ ಎಂದುಕೊಂಡು ಅರಿಸಿನ ಕುಂಕುಮ ಹಚ್ಚಿ ದೇವರ ಮುಂದಿಟ್ಟು ಆಮೇಲೆ ಓದಿದರು.

ಮೊದಲು ಬಂದವರು ಶಿವಯೋಗಿ. ಮಂಡಿಯನ್ನು ಗುಮಾಸ್ತನಿಗೆ ಒಪ್ಪಿಸಿ, ಸ್ಲಿಪ್ಪನ್ನು ಜೇಬಿನಿಂದ ತೆಗೆದು ತಂಗಿಯ ಮುಂದೆ ಹಿಡಿದರು. ಅದರಲ್ಲಿ ಅವರ ಭಾಗಕ್ಕೆ ಇಪ್ಪತ್ತು ಸೆಕೆಂಡು ಮಂಜೂರಾಗಿತ್ತು.

"ಇಪ್ಪತ್ತು ಸೆಕೆಂಡಲ್ಲಿ ಹೋಳಿಗೆಗೆ ತುಪ್ಪ ಹಾಕೋದೂ ಮುಗಿಯಲ್ಲ. ಹಸ್ಕೊಂಡು ಎದ್ದೋದ ಅಂತಾರೆ ಬೀಗರು. ಹೆಣ್ಣಿನ ಸೋದರಮಾವನಿಗೆ ಊಟಕ್ಕೂ ಗತಿ ಇರ್ಲಿಲ್ಲ ಅಂತ ತೋರಿಸ್ಬೇಕಾ ನಿಮಗೆ?"

ದಾಕ್ಷಾಯಣಿಯವರು ಅಣ್ಣನ ಕಡೆಗೂ ಮಾತಾಡದೆ ಗಂಡನ ಕಡೆಗೂ ಮಾತಾಡದೆ ಕಾಫಿ ತರಲು ಒಳಗೆ ಹೋದರು. ಜಗುಲಿಯಲ್ಲಿ ಎದ್ದ ಧ್ವನಿ ಪಕ್ಕದ ಮನೆಯ ವಾದಿರಾಜರನ್ನು ಎಳೆದು ತಂದಿತು. ವಾದಿರಾಜರು ನ್ಯಾಯಾಲಯದ ಶಿರಸ್ತೇದಾರರಾಗಿ ನಿವೃತ್ತರಾದವರು. ಆ ವಿಡಿಯೋದಲ್ಲಿ ಅವರು ಒಂದು ಸೆಕೆಂಡೂ ಇರಲಿಲ್ಲ, ಆದ್ದರಿಂದ ನಿಷ್ಪಕ್ಷಪಾತಿಗಳಾಗಿದ್ದರು. ಅವರು ಸ್ಲಿಪ್ಪನ್ನು ಕನ್ನಡಕ ಏರಿಸಿ ಓದಿ, ಒಕ್ಕಣೆ ಬಹಳ ಚೆನ್ನಾಗಿದೆ ಎಂದು ಮೆಚ್ಚಿದರು. ಆದರೆ ಆಕ್ಷೇಪಣೆ ಕರೆದ ಮೇಲೆ ಖುದ್ದು ವಿಚಾರಣೆ ನಡೆಸದೆ ಕತ್ತರಿಸಿದರೆ ಅದು ಸಹಜ ನ್ಯಾಯಕ್ಕೆ ವಿರುದ್ಧವಾಗುತ್ತದೆ, ಮುಂದೆ ಯಾರೂ ಎತ್ತಿಹಿಡಿಯುವುದಿಲ್ಲ ಎಂದು ಎಚ್ಚರಿಸಿದರು.

ಹೀಗೆ ರವೀಂದ್ರನಗರದ ಆ ಜಗುಲಿಯಲ್ಲಿ ನಾಲ್ಕು ಸಂಜೆ ವಿಚಾರಣೆ ನಡೆಯಿತು. ವಾದಿರಾಜರು ಆರಾಮಕುರ್ಚಿಯಲ್ಲಿ, ಕೊಟ್ರಬಸಪ್ಪನವರು ಪುಸ್ತಕ ಹಿಡಿದು ಸ್ಟೂಲಿನ ಮೇಲೆ. ದಾವಣಗೆರೆಯ ದೊಡ್ಡಮ್ಮ ಒಬ್ಬರು ತಮ್ಮ ಮೂರು ನಿಮಿಷದಲ್ಲಿ ಎರಡನ್ನು ಬಿಟ್ಟುಕೊಡಲು ಒಪ್ಪಿದರು, ಆದರೆ ಆ ಎರಡು ನಿಮಿಷ ವಾರಗಿತ್ತಿಗೆ ಹೋಗಕೂಡದು ಎಂಬ ಷರತ್ತು ಬರೆಸಿದರು. ತೀರಿಹೋದ ಚಿಕ್ಕಪ್ಪನ ಪರವಾಗಿ ಅವರ ಮಗ ಹಾಜರಾಗಿ, ಸತ್ತವರ ನಿಮಿಷ ಕತ್ತರಿಸುವುದು ಯಾವ ನ್ಯಾಯ ಎಂದು ಕೇಳಿದ. ಬದುಕಿರುವವರದು ಕತ್ತರಿಸಬಹುದಾದರೆ ಅವರದೂ ಕತ್ತರಿಸಬಹುದು ಎಂದು ವಾದಿರಾಜರು ತೀರ್ಪಿತ್ತರು. ಹದಿನೆಂಟು ಮಂದಿಯ ಅಹವಾಲೂ ಮುಗಿಯಿತು. ಬರದೆ ಉಳಿದದ್ದು ಭದ್ರಾವತಿಯ ನ್ಯೂ ಟೌನಿನ ಶ್ರೀಗೌರಿಯದು.

ಅವರ ಸ್ಲಿಪ್ ಸಹಿಯಿಲ್ಲದೆ ವಾಪಸ್ ಬಂತು. ಅದರ ಹಿಂದೆಯೇ ದಾಕ್ಷಾಯಣಿಯವರಿಗೆ ಫೋನೂ ಬಂತು.

ಇಲ್ಲಿ ಒಂದು ಪದ್ಧತಿಯನ್ನು ವಿವರಿಸಬೇಕು. ಸೋದರತ್ತೆ ಮಗುವಿನ ಕಿವಿಯಲ್ಲಿ ಹೆಸರು ಹೇಳುವಾಗ ಸುತ್ತ ನೆರೆದ ಹೆಂಗಸರು ಅವಳ ಬಗ್ಗಿದ ಬೆನ್ನಿಗೆ ಗುದ್ದುತ್ತಾರೆ. ಹೆಸರಿಡುವ ಸುಖಕ್ಕೆ ತೆರುವ ಸುಂಕ ಅದು. ಕೊಟ್ರಬಸಪ್ಪನವರ ಪ್ರಕಾರ ಅಮೂಲ್ಯ ಎಂದು ಹೇಳಲು ಒಂದೂವರೆ ಸೆಕೆಂಡು ಸಾಕು. ಗೌರವಾರ್ಥ ನಲವತ್ತು ಸೆಕೆಂಡು ಕೊಟ್ಟಿದ್ದರು. ಉಳಿದ ಹದಿಮೂರು ನಿಮಿಷ ಇಪ್ಪತ್ತು ಸೆಕೆಂಡು ಬರೀ ಗುದ್ದು.

"ಗುದ್ದಿಸ್ಕೊಂಡೋಳು ನಾನು ಅತ್ತಿಗೆ" ಎಂದರು ಶ್ರೀಗೌರಿ. "ಹದಿನಾಲ್ಕು ನಿಮಿಷ ಗುದ್ದಿಸ್ಕೊಂಡಿದೀನಿ. ನಲವತ್ತು ಸೆಕೆಂಡಿಗೆ ಇಳಿಸಿದ್ರೆ ಅಣ್ಣ ನನ್ನ ಬೆನ್ನು ವಾಪಸ್ ಕೊಡ್ತಾನಾ ಕೇಳಿ. ನಾನು ಬರಲ್ಲ. ಉಡಿ ಯಾರು ತುಂಬ್ತಾರೋ ಅವರೇ ತುಂಬ್ಲಿ."

ಆ ಮನೆತನದಲ್ಲಿ ಹೆಸರಿಟ್ಟ ಅತ್ತೆಯೇ ನಿಶ್ಚಿತಾರ್ಥದ ದಿನ ಹುಡುಗಿಗೆ ಮೊದಲ ಉಡಿ ತುಂಬಬೇಕು. ಅವಳು ಅಕ್ಕಿ, ಕೊಬ್ಬರಿ, ಕುಬಸ ಹಾಕದೆ ಬೇರೆ ಯಾರೂ ಕೈ ಹಚ್ಚುವಂತಿಲ್ಲ. ಅಂದರೆ ಶ್ರೀಗೌರಿ ಬರದಿದ್ದರೆ ನಿಶ್ಚಿತಾರ್ಥವಿಲ್ಲ. ಗಂಡಿನ ಕಡೆಯವರು ಏನೆಂದುಕೊಳ್ಳುತ್ತಾರೆ ಎಂದು ದಾಕ್ಷಾಯಣಿಯವರು ಗಂಡನನ್ನು ಕೇಳಿದರು. ಕೊಟ್ರಬಸಪ್ಪನವರು ಸ್ವಲ್ಪವೂ ವಿಚಲಿತರಾಗಲಿಲ್ಲ. ಮೊದಲು ಫೈಲು ಸಣ್ಣದಾಗಲಿ, ಎಷ್ಟು ಮಿಗುತ್ತದೆ ನೋಡಿ ತಂಗಿಗೆ ಹತ್ತಿಪ್ಪತ್ತು ಸೆಕೆಂಡು ಸೇರಿಸಿಕೊಟ್ಟರಾಯಿತು ಎಂದು ಕಂಪ್ಯೂಟರಿನ ಮುಂದೆ ಕೂತರು.

ಕತ್ತರಿಸುವ ತಂತ್ರಾಂಶ ಸಿಕ್ಕಿತು. ಮೂರು ಗಂಟೆಯ ವಿಡಿಯೋ ಐವತ್ತೆಂಟು ನಿಮಿಷಕ್ಕೆ ಇಳಿಯಿತು. ಕೊನೆಯಲ್ಲಿ ಯಂತ್ರ ಗುಣಮಟ್ಟ ಯಾವುದಿರಲಿ ಎಂದು ಕೇಳಿ ಕಡಿಮೆ, ಮಧ್ಯಮ, ಉತ್ತಮ, ಅತ್ಯುತ್ತಮ ಎಂಬ ನಾಲ್ಕು ದಾರಿ ತೋರಿಸಿತು. ಮೂವತ್ತೊಂದು ವರ್ಷದಲ್ಲಿ ಎರಡನೆಯ ದರ್ಜೆಯ ಒಂದು ಹಾಳೆಯನ್ನೂ ಗೇಟು ದಾಟಿಸದ ಕೈ ಅದು, ಯೋಚಿಸದೆ ಅತ್ಯುತ್ತಮವನ್ನು ಒತ್ತಿತು. ಒಂದು ಊಟ, ಒಂದು ನಿದ್ದೆ ಮುಗಿಯುವ ಹೊತ್ತಿಗೆ ಫೈಲು ತಯಾರಾಗಿತ್ತು. ತೂಕ ಹತ್ತೊಂಬತ್ತೂವರೆ ಜಿಬಿ.

ಕೊಟ್ರಬಸಪ್ಪನವರು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಮೂರು ಗಂಟೆ ಇದ್ದಾಗ ಹನ್ನೆರಡು, ಒಂದು ಗಂಟೆಯಾದಾಗ ಹತ್ತೊಂಬತ್ತೂವರೆ. ಎಲ್ಲೋ ಕತ್ತರಿಸಿದ್ದು ಸಾಲದಾಯಿತು ಎಂಬ ಒಂದೇ ನಿರ್ಧಾರಕ್ಕೆ ಅವರ ತರಬೇತಿ ಅವಕಾಶ ಕೊಟ್ಟಿತು. ಮರುದಿನ ದಾವಣಗೆರೆಯ ದೊಡ್ಡಮ್ಮ ಹೋದರು, ತೀರಿಹೋದ ಚಿಕ್ಕಪ್ಪ ಎರಡನೆಯ ಸಲ ಹೋದರು, ಶಿವಯೋಗಿಯ ಹೋಳಿಗೆ ಎಲೆಯಿಂದಲೇ ಮಾಯವಾಯಿತು. ಕೊನೆಗೆ ಕೊಟ್ರಬಸಪ್ಪನವರು ನಿಷ್ಠುರವಾಗಿ ತಮ್ಮನ್ನೇ ಕತ್ತರಿಸಿಕೊಂಡರು. ತೊಟ್ಟಿಲು, ಮಗು, ಶಾಸ್ತ್ರ ಮಾಡಿಸಿದ ಅಯ್ಯನವರು ಮಾತ್ರ ಉಳಿದ ಇಪ್ಪತ್ತೆರಡು ನಿಮಿಷ ಏಳೂವರೆ ಜಿಬಿ ತೂಗಿತು. ಇನ್ನು ಅರ್ಧ ಇಳಿಯಬೇಕಾದರೆ ಅಯ್ಯನವರೋ ಮಗುವೋ ಎಂಬುದನ್ನು ತೀರ್ಮಾನಿಸಬೇಕಾಗಿತ್ತು. ವಾದಿರಾಜರು ಕೂಡ ಇದಕ್ಕೆ ಪೂರ್ವನಿದರ್ಶನ ಇಲ್ಲವೆಂದರು.

ನಿಶ್ಚಿತಾರ್ಥಕ್ಕೆ ಆರು ದಿನ ಉಳಿದಿರುವಾಗ ಕಾಗದನಗರದಿಂದ ಪುಟ್ಟಯ್ಯನ ಫೋನು ಬಂತು. ಫ್ಯಾನಿನ ಇಪ್ಪತ್ತಾರು ನಿಮಿಷವನ್ನು ಪೂರ್ತಿ ತೆಗೆದುಹಾಕಲಾಗುವುದು ಎಂಬ ಸ್ಲಿಪ್ಪಿಗೆ ಅವನು ಮೊದಲ ದಿನವೇ ಸಹಿ ಹಾಕಿ ಕಳಿಸಿದ್ದ. ಈಗ ಅವನಿಗೆ ಬೇರೆಯೇ ಕುತೂಹಲ ಹುಟ್ಟಿತ್ತು. ಅಷ್ಟೆಲ್ಲ ಕತ್ತರಿಸಿಯೂ ಹತ್ತೊಂಬತ್ತೂವರೆ ಆಯಿತಂತೆ, ಹೌದಾ ಎಂದು ಕೇಳಿದ. ಸುದ್ದಿ ಭದ್ರಾವತಿ ಮುಟ್ಟಿತ್ತು.

ಪುಟ್ಟಯ್ಯ ಮಶೀನ್ ಹೌಸಿನವನು. ತಿರುಳು ಕಾಗದವಾಗಿ ಸುರುಳಿ ಸುತ್ತಿಕೊಳ್ಳುವುದು ಮಶೀನ್ ಹೌಸಿನಲ್ಲಿ, ಅದನ್ನು ಕತ್ತರಿಸುವುದು ಫಿನಿಶಿಂಗ್ ಹೌಸಿನಲ್ಲಿ. ಒಂದು ಕಡೆಯವರು ಇನ್ನೊಂದು ಕಡೆಯವರನ್ನು ಸಹಾಯ ಕೇಳಿದ ಉದಾಹರಣೆ ಆ ಕಾರ್ಖಾನೆಯ ಚರಿತ್ರೆಯಲ್ಲಿ ಇರಲಿಲ್ಲ. ಕೊಟ್ರಬಸಪ್ಪನವರು ಸಹಾಯ ಕೇಳಲಿಲ್ಲ. ಪುಟ್ಟಯ್ಯನ ಕಂಪ್ಯೂಟರು ಕೆಲಸ ಮಾಡುತ್ತದೋ ಇಲ್ಲವೋ ಪರೀಕ್ಷಿಸಲು ಬರುತ್ತೇನೆಂದು ತಿಳಿಸಿ, ಬೆಳಗಿನ ಬಸ್ಸು ಹತ್ತಿದರು.

ಪುಟ್ಟಯ್ಯ ಬೀದಿಯ ಭಜನಾ ಮಂಡಳಿಯ ರೆಕಾರ್ಡಿಂಗುಗಳನ್ನು ಸದಸ್ಯರ ಮೊಬೈಲಿಗೆ ಕಳಿಸುವ ಕೆಲಸ ವಹಿಸಿಕೊಂಡಿದ್ದ. ಆ ಕೆಲಸದಲ್ಲಿ ಅವನ ಕೈ ಪಳಗಿತ್ತು. ಹನ್ನೆರಡರ ಫೈಲು, ಹತ್ತೊಂಬತ್ತೂವರೆಯ ಫೈಲು ಎರಡನ್ನೂ ತೆರೆದು ನೋಡಿದ. ಪುಟ್ಟಲಕ್ಷ್ಮಿ, ಅವನ ಹೆಂಡತಿ, ಅವಲಕ್ಕಿ ತಂದಿಟ್ಟು ಹೋದಳು. ಆಮೇಲೆ ಅವನು ಕೇಳಿದ.

"ಮಾರಾಯ, ಕಾಗದದ ಒಂದು ರೀಮಿನ ತೂಕ ಇಳಿಸ್ಬೇಕು ಅಂದ್ರೆ ಹಾಳೆ ಯಾಕೆ ಕತ್ತರಿಸ್ತೀಯ? ಜಿಎಸ್ಎಂ ಇಳಿಸು."

ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬುದು ಜಿಎಸ್ಎಂ. ಅದನ್ನು ನಿರ್ಧರಿಸುವುದು ಮಶೀನ್ ಹೌಸು. ಇಳಿಸಿದರೆ ಹಾಳೆ ಅಷ್ಟೇ ಉದ್ದ, ಅಷ್ಟೇ ಅಗಲ, ಸಂಖ್ಯೆಯೂ ಅಷ್ಟೇ, ತೆಳ್ಳಗಾಗುತ್ತದೆ ಅಷ್ಟೆ. ವಿಡಿಯೋಗೂ ಹಾಗೆಯೇ ಒಂದು ದಪ್ಪವಿದೆ, ಒಂದೊಂದು ಸೆಕೆಂಡಿಗೆ ಎಷ್ಟು ಸರಕು ತುಂಬಬೇಕೆಂದು ನಾವೇ ಹೇಳಬಹುದು ಎಂದು ಪುಟ್ಟಯ್ಯ ತೋರಿಸಿದ.

"ಮೊದಲೇ ಮಸುಕು ಟೇಪು. ಇದರಲ್ಲಿ ಯಾರ ಮೂಗು ಯಾರದು ಅಂತ ಗೊತ್ತಾಗಲ್ಲ. ಅದನ್ನ ನೀನು ಮದುವೆ ಪತ್ರಿಕೆ ರಟ್ಟಿನ ಮೇಲೆ ಹೊಡೆದಿದೀಯ. ನ್ಯೂಸ್‌ಪ್ರಿಂಟಿಗೆ ಹೊಡಿ, ಸಾಕು."

ಕೊಟ್ರಬಸಪ್ಪನವರಿಗೆ ಒಂದು ಕ್ಷಣದಲ್ಲಿ ಎಲ್ಲವೂ ಅರ್ಥವಾಯಿತು. ಅಷ್ಟೇ ಬೇಗ, ಇದು ತಮಗೆ ಮೊದಲಿನಿಂದ ಗೊತ್ತಿದ್ದ ವಿಷಯವೆಂಬುದೂ ನೆನಪಾಯಿತು. ಅದನ್ನೇ ಹೇಳಿದರು. ಪುಟ್ಟಯ್ಯ ಹೌದೌದು ಎಂದು ಮಧ್ಯಮಕ್ಕಿಂತ ಕೆಳಗಿನ ಗುಂಡಿ ಒತ್ತಿದ. ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ ಮೂರು ಗಂಟೆಯ ವಿಡಿಯೋ, ಒಬ್ಬರನ್ನೂ ಬಿಡದೆ, ಫ್ಯಾನು ಸಮೇತ, ಎರಡು ಪಾಯಿಂಟ್ ಏಳು ಜಿಬಿಗೆ ಬಂದು ಕೂತಿತು. ಶುರುವಿನಲ್ಲಿ ಎರಡು ಸೆಕೆಂಡು ಕಪ್ಪು ಪರದೆ ಇತ್ತು. ಅದನ್ನು ಕೊಟ್ರಬಸಪ್ಪನವರು ತಮ್ಮ ಕೈಯಾರೆ ಕತ್ತರಿಸಿದರು. ಇದರಿಂದ ಅಂತಿಮ ಕೆಲಸ ಫಿನಿಶಿಂಗ್ ಹೌಸಿನದೇ ಆಯಿತು.

ಅಲ್ಲಿಂದ ಅವರು ನೆಟ್ಟಗೆ ನ್ಯೂ ಟೌನಿಗೆ, ತಂಗಿಯ ಮನೆಗೆ ಹೋದರು. ಶ್ರೀಗೌರಿ ಬಾಗಿಲು ತೆಗೆದು ನೀರು ಕೊಟ್ಟರು. ಒಂದು ಸೆಕೆಂಡೂ ಕತ್ತರಿಸಿಲ್ಲ ಎಂದು ಕೊಟ್ರಬಸಪ್ಪನವರು ಘೋಷಿಸಿದರು. ಆಕೆ ನಂಬಲಿಲ್ಲ. ಪೆನ್ ಡ್ರೈವನ್ನು ಟಿವಿಗೆ ಚುಚ್ಚಿ ತಮ್ಮ ಭಾಗ ಬರುವವರೆಗೆ ಓಡಿಸಿ, ಗೋಡೆಯ ಗಡಿಯಾರ ನೋಡಿಕೊಂಡು ಹದಿನಾಲ್ಕು ನಿಮಿಷವನ್ನೂ ನೋಡಿದರು. ಮೊದಮೊದಲು ಮುಖ ಸಡಿಲವಾಯಿತು. ಆಮೇಲೆ ಬಿಗಿಯಾಯಿತು. ಎದ್ದು ಟಿವಿಯ ಹತ್ತಿರ ಹೋಗಿ ನಿಂತರು.

ಶಾಸ್ತ್ರದ ದಿನ ಅವರು ಬಗ್ಗಿದ್ದರು. ಬಗ್ಗಿದವರಿಗೆ ಗುದ್ದುವವರು ಯಾರೆಂದು ಕಾಣುವುದಿಲ್ಲ. ಈಗ, ಇಪ್ಪತ್ತೊಂಬತ್ತು ವರ್ಷಗಳ ಮೇಲೆ, ಮಸುಕಾಗಿಯಾದರೂ ಕಂಡಿತು. ಎಡಗೈಯಲ್ಲಿ ಮಗುವನ್ನು ಅವಚಿಕೊಂಡು ಬಲಗೈಯಿಂದ ಎಲ್ಲರಿಗಿಂತ ಹೆಚ್ಚು ಗುದ್ದಿದ್ದವಳು ಬಾಣಂತಿ ದಾಕ್ಷಾಯಣಿ.

"ಮೂವತ್ತೊಂದು" ಎಂದರು ಶ್ರೀಗೌರಿ. "ನೀರಿನ ಲೋಟ ಎತ್ತೋಕೂ ಆಗಲ್ಲ ಅಂತ ಮೂರು ತಿಂಗಳು ಮಲಗಿದ್ಲು. ತಾಯಿ ಇಲ್ಲದೋಳು ಅಂತ ಬಾಣಂತನ ಮಾಡಿದ್ದು ನಾನು. ಅವಳಿಗೆ ಕಾಯಿಸಿದ ನೀರು, ಅರೆದ ಔಷಧಿ, ಎಲ್ಲ ಈ ಕೈಯಲ್ಲಿ. ಮೂವತ್ತೊಂದು ಗುದ್ದು ಅಣ್ಣ."

ಕೊಟ್ರಬಸಪ್ಪನವರು, ತಾವು ಎಣಿಸಿರಲಿಲ್ಲ ಎಂದರು. ಅದು ನಿಜವಾಗಿತ್ತು.

"ಬರ್ತೀನಿ" ಎಂದರು ತಂಗಿ, ಸೆರಗು ಸರಿಮಾಡಿಕೊಂಡು. "ಉಡೀನೂ ತುಂಬ್ತೀನಿ. ಆದ್ರೆ ನನ್ನ ಹದಿನಾಲ್ಕು ನಿಮಿಷ ಪರದೆ ಮೇಲೆ ಎಲ್ಲರೂ ನೋಡಿದ್ ಮೇಲೆ. ನೋಡಿದ್ ಮೇಲೆ ಅತ್ತಿಗೆಗೆ ಒಂದು ವಾಪಸ್ ಕೊಡ್ತೀನಿ. ಒಂದೇ ಒಂದು. ಆಮೇಲೆ ಉಡಿ."

ಕೊಟ್ರಬಸಪ್ಪನವರು ಹೆಂಡತಿಯ ಪರವಾಗಿ ಅಲ್ಲಿಯೇ ಒಪ್ಪಿಕೊಂಡರು. ಮೂವತ್ತೊಂದಕ್ಕೆ ಒಂದು ಎಂಬುದು ಯಾವ ದೃಷ್ಟಿಯಿಂದ ನೋಡಿದರೂ ಲಾಭದಾಯಕ ಎಂದು ಬಸ್ಸಿನಲ್ಲಿ ಬರುತ್ತ ಅವರಿಗೆ ಇನ್ನಷ್ಟು ಖಚಿತವಾಯಿತು.

ದಾಕ್ಷಾಯಣಿಯವರಿಗೆ ಹಾಗೆ ಅನ್ನಿಸಲಿಲ್ಲ. ಅವರು ಮೊದಲು ತಾವು ಗುದ್ದಿಯೇ ಇಲ್ಲ ಎಂದರು. ತೋರಿಸಿದ ಮೇಲೆ, ಅದು ಗುದ್ದಲ್ಲ, ಸವರಿದ್ದು ಎಂದರು. ಧ್ವನಿ ಹೆಚ್ಚಿಸಿ ಮತ್ತೊಮ್ಮೆ ಕೇಳಿಸಿದಾಗ ಗಂಡನ ಪಕ್ಕ ಬಂದು ಕೂತು, ಮೃದುವಾಗಿ ಕೇಳಿದರು.

"ಆ ಭಾಗ ನಲವತ್ತು ಸೆಕೆಂಡಿಗೆ ಇಳಿಸ್ತೀನಿ ಅಂದಿದ್ರಲ್ಲ ನೀವು? ಹಾಗೇ ಮಾಡಿ. ನಂದೇನೂ ಅಭ್ಯಂತರ ಇಲ್ಲ."

ಕೊಟ್ರಬಸಪ್ಪನವರು ಪುಸ್ತಕ ತೆರೆದು ನೋಡಿ, ಅರ್ಜಿ ಸಲ್ಲಿಸುವ ಗಡುವು ಮುಗಿದಿದೆ ಎಂದರು. ಬೇಲಿಯಾಚೆ ಹೂವಿಗೆ ನೀರು ಹಾಕುತ್ತಿದ್ದ ವಾದಿರಾಜರನ್ನು ಕೇಳಿದಾಗ, ಹದಿನೆಂಟು ಮಂದಿಗೆ ಇಲ್ಲದ ವಿನಾಯಿತಿಯನ್ನು ಮನೆಯೊಡತಿಗೆ ಕೊಟ್ಟರೆ ಇಡೀ ವಿಚಾರಣೆಯೇ ಅಸಿಂಧುವಾಗುತ್ತದೆ ಎಂದು ಅವರು ಪೈಪು ಹಿಡಿದೇ ಅಭಿಪ್ರಾಯಪಟ್ಟರು. ದಾಕ್ಷಾಯಣಿಯವರು ಇಬ್ಬರಿಗೂ ಅಂದು ಕಾಫಿ ಕೊಡಲಿಲ್ಲ.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಸರಿಯಾಗಿ ಜಟ್ಟಪ್ಪ ಪೆನ್ ಡ್ರೈವ್ ಚುಚ್ಚಿದ. ಅವನ ಡಬ್ಬ ಉಗಿಯಲಿಲ್ಲ. ಶಿವಯೋಗಿ ತಮ್ಮ ಒಂಬತ್ತು ನಿಮಿಷ ನಲವತ್ತು ಸೆಕೆಂಡನ್ನು ಮೊದಲ ಸಾಲಿನಲ್ಲಿ ಕೂತು ನೋಡಿದರು. ಆರನೆಯ ಹೋಳಿಗೆಯ ಹೊತ್ತಿಗೆ ಬೀಗರ ಕಡೆಯ ಒಬ್ಬರು ಎಣಿಸಲು ತೊಡಗಿದ್ದನ್ನು ಗಮನಿಸಿ, ಎದ್ದು ಹೋಗಿ ಕಂಬದ ಮರೆಯಲ್ಲಿ ನಿಂತರು. ಗಂಡಿನ ತಂದೆ ಎರಡು ಸಲ ಗಡಿಯಾರ ನೋಡಿ, ಮೂರನೆಯ ಸಲ ಕೊಟ್ರಬಸಪ್ಪನವರನ್ನು ನೋಡಿದರು. ಕೊಟ್ರಬಸಪ್ಪನವರು ಅವರಿಗೆ ಜಿಎಸ್ಎಂ ಎಂದರೇನೆಂದು ವಿವರಿಸಿದರು. ರೇಷ್ಮೆ ಸೀರೆಯಲ್ಲಿ ಕೂತ ಅಮೂಲ್ಯ, ಪಕ್ಕದಲ್ಲಿದ್ದ ವರನಿಗೆ ತನ್ನ ಮನೆಯವರನ್ನೆಲ್ಲ ಪರದೆಯ ಮೇಲೆ ಒಬ್ಬೊಬ್ಬರಾಗಿ ತೋರಿಸುತ್ತಿದ್ದಳು. ಅವನು ಗಂಭೀರವಾಗಿ ತಲೆಯಾಡಿಸುತ್ತಿದ್ದ.

ಶ್ರೀಗೌರಿಯ ಭಾಗ ಬಂದದ್ದು ವಿಡಿಯೋ ಶುರುವಾಗಿ ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ. ಹದಿನಾಲ್ಕು ನಿಮಿಷ ಇಡೀ ಮಂದಿರ ಅದನ್ನು ನೋಡಿತು. ಹೆಂಗಸರ ಸಾಲಿನಲ್ಲಿ ಎಣಿಕೆ ಮೆಲ್ಲಗೆ ಶುರುವಾಗಿ ಇಪ್ಪತ್ತರ ಮೇಲೆ ಗಟ್ಟಿಯಾಯಿತು. ಮುಗಿದ ಮೇಲೆ ಶ್ರೀಗೌರಿ ಎದ್ದು ವೇದಿಕೆಗೆ ನಡೆದರು. ದಾಕ್ಷಾಯಣಿಯವರು ಯಾರೂ ಹೇಳದೆಯೇ ಬಗ್ಗಿದರು. ಶಬ್ದ ಹಿಂದಿನ ಸಾಲಿಗೂ ಕೇಳಿಸಿತು.

ಆಮೇಲೆ ಶ್ರೀಗೌರಿ ಉಡಿ ತುಂಬಿದರು. ನಿಶ್ಚಿತಾರ್ಥ ಒಂದು ಗಂಟೆ ಮೂವತ್ತೈದು ನಿಮಿಷ ತಡವಾಗಿ ನೆರವೇರಿತು.